ಯಂಕವ್ವನ ಭುಜವೂ ಮೇಲ್ಬೆಂಕಿಯ ಮಶಿನ್ನೂ

ಒಲೆ ಎಂದರೆ ಬೆಂಕಿ ಕೆಳಗೆ, ಗಡಿಗೆ ಮೇಲೆ. ಈ ವ್ಯವಸ್ಥೆಯನ್ನು ಹಿರಿಯರು ಯಾಕೆ ಮಾಡಿದರು ಎಂದು ನಾನು ಐವತ್ತು ವರ್ಷ ಯೋಚಿಸಿರಲಿಲ್ಲ. ಹಾಗೇ ಯೋಚಿಸದೆ ಇದ್ದುಬಿಟ್ಟಿದ್ದರೆ ಈಗಲೂ ಗಲ್ಲಾಪೆಟ್ಟಿಗೆಯ ಹಿಂದೆ ಸುಖವಾಗಿ ಕೂತು ಅಡಿಕೆ ಕತ್ತರಿಸುತ್ತಿದ್ದೆ. ಮನುಷ್ಯನಿಗೆ ಸುಖ ಹೆಚ್ಚಾದರೆ ಹುಬ್ಬಳ್ಳಿಯ ಮದುವೆಗೆ ಹೋಗುತ್ತಾನೆ, ಅಲ್ಲಿಂದ ಕೆಡುಗಾಲ ಶುರುವಾಗುತ್ತದೆ.

ನಮ್ಮದು ಹಾನಗಲ್ಲಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯ ಖಾನಾವಳಿ. ಅಪ್ಪ ಹಾಕಿದ್ದು, ನಾನು ಮುಂದುವರಿಸಿದ್ದು, ಯಂಕವ್ವ ನಡೆಸುತ್ತಿರುವುದು. ಬೋರ್ಡಿನ ಮೇಲೆ ರುದ್ರೇಶ ಎಂದು ನನ್ನ ಹೆಸರಿದೆ, ಆದರೆ ಊರವರು 'ಯಂಕವ್ವನ ರೊಟ್ಟಿ' ತಿನ್ನಲು ಬರುತ್ತಾರೆ. ದಿನಕ್ಕೆ ಮುನ್ನೂರು ಜೋಳದ ರೊಟ್ಟಿ. ಅಷ್ಟನ್ನೂ ಇಪ್ಪತ್ನಾಲ್ಕು ವರ್ಷದಿಂದ ಅವಳೊಬ್ಬಳೇ ಬಡಿಯುತ್ತ ಬಂದಿದ್ದಾಳೆ. ಪಟಪಟ ಎಂಬ ಆ ಸದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ಅದನ್ನು ಕೇಳಿಯೇ ಜನ ಬಸ್ಸು ಬಿಟ್ಟು ಊಟಕ್ಕೆ ಬರುವುದುಂಟು.

ಒಂದು ದಿನ ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಯಂಕವ್ವ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತಳು.

"ಸಾವಕಾರ್ರ, ಈ ತಿಂಗಳ ಮುಗದ ಮ್ಯಾಲ ನಾ ಬರೂದಿಲ್ಲ. ಬಲಭುಜ ಏಳವಲ್ದು. ಸುನಿತಾ ಶಿಗ್ಗಾವಿಗೆ ಬಾ ಅಂತ ಕರಿಯಾಕತ್ತಾಳ."

ಸುನಿತಾ ಅವಳ ಮಗಳು. ನಾನು "ಆತು, ನೋಡೂಣಂತ" ಎಂದೆ. ನನ್ನ ಜೀವನದ ಎಲ್ಲ ದೊಡ್ಡ ಸಮಸ್ಯೆಗಳಿಗೂ ನಾನು ಕೊಟ್ಟ ಉತ್ತರ ಅದೇ.

ನೋಡಿದೆ. ಅಕ್ಕಿಆಲೂರಿನಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದೆ. ಅವಳು ಹಿಟ್ಟಿನ ಬುಟ್ಟಿಯನ್ನು ಬಗ್ಗಿ ನೋಡಿ, "ಇದು ಒಂದ ವಾರದ್ದೇನ್ರಿ?" ಎಂದಳು. "ಇಲ್ಲವಾ, ಈಗ ಮಧ್ಯಾಹ್ನದ್ದು" ಎಂದೆ. ಬಂದ ಟಂಟಂ ಇನ್ನೂ ಬಾಗಿಲಲ್ಲೇ ಇತ್ತು. ಅದರಲ್ಲೇ ಹತ್ತಿ ಹೋದಳು. ಹಿರೇಕೆರೂರಿನಿಂದ ಬಂದ ಇನ್ನೊಬ್ಬಳು ನಾಲ್ಕು ರೊಟ್ಟಿ ಬಡಿದು, "ನೀರ ಕುಡದು ಬರ್ತೇನ್ರಿ" ಎಂದು ಹೋದವಳು ಇನ್ನೂ ನೀರು ಕುಡಿಯುತ್ತಿದ್ದಾಳೆ.

ಇಂಥ ಹೊತ್ತಿನಲ್ಲಿ ಹುಬ್ಬಳ್ಳಿಯ ಮದುವೆ ಬಂತು. ನನ್ನ ಹೆಂಡತಿ ಸುಧಾರಾಣಿಯ ಕಡೆಯ ಮದುವೆ. ಊಟದ ಹಾಲಿನಲ್ಲಿ ಉದ್ದ ಟೊಪ್ಪಿಗೆಯ ಅಡುಗೆಯವನೊಬ್ಬ ಒಂದು ಮಶಿನ್ನಿನ ಮುಂದೆ ನಿಂತಿದ್ದ. ಅದರಲ್ಲಿ ಬೆಂಕಿ ಮೇಲಿತ್ತು! ಚಾವಣಿಯಲ್ಲಿ ಕೆಂಪಗೆ ಕಾದ ಕರೆಂಟಿನ ಕಾಯಿಲ್, ಕೆಳಗೆ ಒಂದು ಜಾಲರಿ. ಬಟ್ಟಲಿನಲ್ಲಿ ಬಟಾಟೆ, ಬಟಾಟೆಯ ಮೇಲೆ ಚೀಸ್ ಇಟ್ಟು ಒಳಗೆ ತಳ್ಳಿ, ಹ್ಯಾಂಡಲ್ ಹಿಡಿದು ಜಾಲರಿಯನ್ನು ಒಂದೊಂದೇ ಹಲ್ಲು ಮೇಲಕ್ಕೆ ಏರಿಸಿದ. ಎರಡು ನಿಮಿಷಕ್ಕೆ ಮೇಲ್ಮೈಯೆಲ್ಲ ಹೊಂಬಣ್ಣ, ನಡುನಡುವೆ ಕಂದು ಚುಕ್ಕಿ. ಅದಕ್ಕೆ ಅರವತ್ತು ಜನ ಪಾಳಿ ಹಚ್ಚಿದ್ದರು. ರೊಟ್ಟಿಯ ಸಾಲಿನಲ್ಲಿ ಇದ್ದವರು ಏಳು ಜನ.

ನನ್ನ ತಲೆಯಲ್ಲಿ ದೀಪ ಹತ್ತಿತು. ಯಂಕವ್ವ ಹೋದರೆ ಹೋಗಲಿ, ರೊಟ್ಟಿಯೇ ಬೇಡದ ಊಟ ಮಾಡಿದರಾಯಿತು. ಖಾನಾವಳಿ ಹೋಗಿ ಹೋಟೆಲ್ ಆದರಾಯಿತು.

"ನಿಮಗ ಹುಚ್ಚ ಹಿಡದೈತಿ" ಎಂದಳು ಸುಧಾರಾಣಿ. "ಹೋಗಿ ಯಂಕವ್ವನ ಭುಜ ಯಾರಿಗರ ತೋರ್ಸೂದ ಬಿಟ್ಟು..."

ಹೆಂಗಸರಿಗೆ ವ್ಯಾಪಾರ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಬಿಟ್ಟು ಹೇಳುವಷ್ಟು ಹುಚ್ಚು ಹಿಡಿದಿರಲಿಲ್ಲ.

ಸವಣೂರಿನ ಮಜೀದ ಮುಚ್ಚಿದ ಹೋಟೆಲುಗಳ ಸಾಮಾನು ಕೊಂಡು ಮಾರುವವನು. ಅವನ ಗೋದಾಮಿನಲ್ಲಿ ಅಂಥದೇ ಒಂದು ಮಶಿನ್ ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿತ್ತು.

"ಹೈವೇ ಮ್ಯಾಲಿನ ದೊಡ್ಡ ಹೋಟೆಲಿಂದು, ಅಣ್ಣಾ. ಮಾಲು ಏಕದಂ ಪಕ್ಕಾ."

"ಅವರು ಯಾಕ ಹೋಟೆಲ್ ಮುಚ್ಚಿದ್ರು?"

"ಅದನ್ನ ಅವರಿಗೆ ಕೇಳ್ರಿ. ನನಗ ಮಶಿನ್ ಕೇಳ್ರಿ."

ಕೊಂಡು ತಂದೆ. ಗೋಡೆಗೆ ಕೂಡಿಸಿದೆ. ವಿಭೂತಿ ಹಚ್ಚಿ, ಕಾಯಿ ಒಡೆದು ಸ್ವಿಚ್ ಹಾಕಿದೆ. ಓಣಿಯ ದೀಪಗಳೆಲ್ಲ ಒಮ್ಮೆ ಮಂಕಾದವು, ಪಕ್ಕದ ಹಿಟ್ಟಿನ ಗಿರಣಿ ಉಸಿರು ಬಿಟ್ಟ ಹಾಗೆ ಸದ್ದು ಮಾಡಿ ನಿಧಾನವಾಯಿತು. ನಮ್ಮ ಮಶಿನ್ನಿನ ಚಾವಣಿ ಮಾತ್ರ ಕೆಂಪಗೆ ಬೆಳಗಿತು. ಯಂಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಮ್ಮೆ ತಿರುಗಿ ನೋಡಿ ಮತ್ತೆ ತನ್ನ ಹಂಚಿನ ಕಡೆ ಮುಖ ಮಾಡಿದಳು.

ಮೊದಲ ಬಟಾಟೆಯನ್ನು ಹುಚ್ಚಪ್ಪನಿಗೆ ಬಡಿಸಿದೆ. ಹುಚ್ಚಪ್ಪ ನಿವೃತ್ತ ಬಸ್ ಡ್ರೈವರ್, ನಮ್ಮಲ್ಲಿ ದಿನಾ ಎರಡು ಹೊತ್ತು ಉಣ್ಣುವ ಹಳೆಯ ಗಿರಾಕಿ. ಬಟ್ಟಲನ್ನು ಎಡಕ್ಕೆ ತಿರುಗಿಸಿ ನೋಡಿದ, ಬಲಕ್ಕೆ ತಿರುಗಿಸಿ ನೋಡಿದ. ನನ್ನ ಮುಖ ನೋಡಿ ಕನಿಕರಪಟ್ಟ.

"ರುದ್ರೇಶಾ, ಹೊತ್ತೈತಲ್ಲೋ."

"ಹೊತ್ತಿಲ್ಲೋ ಮಾರಾಯಾ. ಅದು ಹಂಗಽ ಇರೂದು. ಬ್ರೌನ್ ಅಂತಾರ ಅದಕ್ಕ."

"ಏನರ ಅನ್ಲಿ. ಹೊತ್ತಿದ್ದು ಹೊತ್ತಿದ್ದಽ."

ಚಮಚ ಕೇಳಿ ತೆಗೆದುಕೊಂಡು, ಆ ಹೊಂಬಣ್ಣದ ಪದರನ್ನು ಎಚ್ಚರದಿಂದ ಕೆರೆದು ತಾಟಿನ ಅಂಚಿಗೆ ಇಟ್ಟ, ಮೀನಿನ ಮುಳ್ಳು ತೆಗೆದಿಟ್ಟ ಹಾಗೆ. ಕೆಳಗಿನ ಬಟಾಟೆಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದ. ಅಂದು ಮಧ್ಯಾಹ್ನ ಹದಿನೇಳು ಜನ ಹೀಗೆಯೇ ಮಾಡಿದರು. ಹೋಟೆಲಿನ ಇಡೀ ಭವಿಷ್ಯ ತಾಟುಗಳ ಅಂಚಿನಲ್ಲಿ ಸಾಲಾಗಿ ಕೂತಿತ್ತು.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಹೋಗುವಾಗ ಪ್ರತಿಯೊಬ್ಬರೂ ಅಡುಗೆಮನೆಗೆ ಕೇಳುವ ಹಾಗೆ ಒಂದು ಮಾತು ಒಗೆದು ಹೋದರು. "ಯಂಕವ್ವಾ, ಇವತ್ತ ಲಕ್ಷ್ಯ ಎಲ್ಲಿತ್ತು?" "ಯಂಕವ್ವಗ ವಯಸ್ಸಾತು ಬಿಡ್ರಿ."

ಯಂಕವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳ ಮುಖ ಅಷ್ಟು ಕೆಂಪಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಇಪ್ಪತ್ನಾಕ ವರ್ಷದಾಗ ಒಂದ ರೊಟ್ಟಿ ಹೊತ್ತಿಸಿಲ್ಲ ನಾ. ನಿಮ್ಮ ಮಶಿನ್ ಹೊತ್ತಸ್ತೈತಿ, ಹೆಸರು ನಂದಾ? ತಿಂಗಳ ಮುಗಿಯೂತನಾ ಇರಾಂಗಿಲ್ರಿ ನಾ. ಬರೂ ಶನಿವಾರ ಕಡೀ ದಿನ."

ಯಂಕವ್ವ ಹೋದರೂ ನಡೆಯಲಿ ಎಂದು ತಂದ ಮಶಿನ್ ಯಂಕವ್ವನನ್ನು ಹದಿನೈದು ದಿನ ಮೊದಲೇ ಓಡಿಸುತ್ತಿತ್ತು. ಖರೇ ಹೇಳಬೇಕೆಂದರೆ ಆಗ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಪಟಪಟ ಇಲ್ಲದ ಖಾನಾವಳಿಗೆ ಯಾರು ಬಸ್ಸು ಬಿಟ್ಟು ಬರುತ್ತಾರೆ?

ಮರುದಿನ ಹುಚ್ಚಪ್ಪ ನನಗೆ ಬುದ್ಧಿ ಹೇಳಲೆಂದು ನೇರ ಅಡುಗೆಮನೆಗೇ ಬಂದ. ಮಶಿನ್ ಸಣ್ಣಗೆ ಕಾಯುತ್ತಿತ್ತು. ಅದಕ್ಕೆ ಎಡಮಗ್ಗುಲು ಕೊಟ್ಟು ನಿಂತು, "ನೋಡ ರುದ್ರೇಶಾ, ಮಂದಿ ಬಾಯಿ ರುಚಿ ಅಂದ್ರ..." ಎಂದು ಶುರು ಮಾಡಿದವನು ಅಲ್ಲಿಗೇ ನಿಂತ. ಕಣ್ಣು ಮುಚ್ಚಿದ.

"ಏನಾತೋ?"

"ಸುಮ್ನಿರು. ಭುಜಕ್ಕ ಹತ್ತಾಕತ್ತೈತಿ."

ಮೂವತ್ತು ವರ್ಷ ಗೇರ್ ಹಾಕಿ ಹಾಕಿ ಅವನ ಎಡಭುಜ ಹಿಡಿದುಕೊಂಡಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ಹತ್ತು ದಿನ ಕೆಂಪು ದೀಪದ ಕೆಳಗೆ ಕೂಡಿಸಿ ಶಾಖ ಕೊಟ್ಟಿದ್ದರಂತೆ. ಅವನು ಕಣ್ಣು ತೆರೆದು ಮಶಿನ್ನಿನ ಚಾವಣಿ ನೋಡಿದ.

"ಲೇ, ಇದು ಅದಽ ಐತಲ್ಲೋ! ಅಲ್ಲಿಕಿಂತ ಚಲೋ ಐತಿ. ಇಂಥಾದ್ದು ಇಟ್ಕೊಂಡು ಬಟಾಟಿ ಸುಡಾಕತ್ತೀಯಲ್ಲೋ ಹುಚ್ಚಪ್ಯಾಲಿ!"

ನಮ್ಮ ಕಡೆ ನೋವು ಎಂದರೆ ಕಾಸುವುದು. ಇಟ್ಟಿಗೆ ಕಾಸಿ ಇಡುತ್ತಾರೆ, ಉಸುಕಿನ ಗಂಟು ಕಾಸಿ ಇಡುತ್ತಾರೆ. ಮನೆಗೊಬ್ಬರು ಕಾಸಿಕೊಳ್ಳುವವರು ಇದ್ದೇ ಇರುತ್ತಾರೆ. ಮೂರು ದಿನದಲ್ಲಿ ನನ್ನ ಅಡುಗೆಮನೆಯಲ್ಲಿ ಸ್ಟೂಲು ಬಿತ್ತು, ಪಾಳಿ ಬಿತ್ತು. ಅಕ್ಕಿಆಲೂರಿನ ಅಕ್ಕಿ ಗಿರಣಿಯ ಹಮಾಲರು ಬೆನ್ನು ತಂದರು. ಯಲವಿಗಿಯಿಂದ ಮುದುಕರೊಬ್ಬರು ಕುತ್ತಿಗೆ ತಂದರು, ಜೊತೆಗೆ ಕುತ್ತಿಗೆಯ ಎಕ್ಸ್‌ರೇ ತಂದು ನನಗೆ ತೋರಿಸಿದರು. ನಾನೂ ಅದನ್ನು ಬೆಳಕಿಗೆ ಹಿಡಿದು "ಹೂಂ" ಎಂದೆ. ಅನ್ನದೆ ಇದ್ದರೆ ಬಿಡುವವರಲ್ಲ.

ಪಕ್ಕದ ಹಿಟ್ಟಿನ ಗಿರಣಿಯ ಸಾವಂತ್ರವ್ವ ಜಗಳಕ್ಕೆಂದೇ ಬಂದವಳು. "ನಿನ್ನ ಮಶಿನ್ ಹಚ್ಚಿದ ಕೂಡ್ಲೇ ನನ್ನ ಗಿರಣಿ ಅಳತೈತಿ! ಯಾವ ಸಂಪತ್ತಿಗೆ ತಂದೀಯೋ ಇದನ್ನ?" ಎಂದು ಬಾಗಿಲಲ್ಲೇ ಕೂಗಿದಳು. ಪಾಳಿಯವರು ಅವಳಿಗೆ ವಿಷಯ ತಿಳಿಸಿದರು. ಅರ್ಧ ಗಂಟೆಯ ಮೇಲೆ ನೋಡಿದರೆ ಮೊಣಕಾಲಿಗೆ ಹಚ್ಚುವ ಔಡಲೆಣ್ಣೆಯ ಬಾಟ್ಲಿ ಸಮೇತ ಅವಳೂ ಪಾಳಿಯಲ್ಲಿ ಕೂತಿದ್ದಳು. ಗಿರಣಿ ಅಳುತ್ತಲೇ ಇತ್ತು.

ಹೋಗಲಿ, ಬಂದವರು ಊಟವನ್ನಾದರೂ ಮಾಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಉಂಡ ಹೊಟ್ಟೆಯಲ್ಲಿ ಶಾಖ ತಗೊಂಡರೆ ಪಿತ್ತ ಏರುತ್ತದೆ ಎಂದು ಹುಚ್ಚಪ್ಪ ಕಾಯಿದೆ ಮಾಡಿದ. ಹಾಗಾಗಿ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬಂದು, ಕಾಯಿಸಿಕೊಂಡು, ಉಣ್ಣಲು ತಮ್ಮ ತಮ್ಮ ಮನೆಗೆ ಹೋದರು. ಸಾರಿಗೆ ಔಡಲೆಣ್ಣೆಯ ವಾಸನೆ ಹತ್ತಿ ಖಾಯಂ ಗಿರಾಕಿಗಳೂ ಮೂಗು ಮುಚ್ಚಿಕೊಂಡರು.

"ನಾ ಲಗ್ನ ಆಗಿ ಬಂದದ್ದು ಖಾನಾವಳಿ ಮನಿಗೆ" ಎಂದಳು ಸುಧಾರಾಣಿ. "ದವಾಖಾನಿಗೆ ಅಲ್ಲ. ಊರ ಭುಜಾ ಎಲ್ಲಾ ಕಾಯಸಾಕತ್ತೀರಿ. ಅಲ್ಲೇ ಬೆನ್ನ ಹಿಂದ ಒಂದ ಭುಜ ಐತಲ್ಲ, ಅದು ಕಾಣವಲ್ದೇನು?"

ನಾನು ತಿರುಗಿ ನೋಡಿದೆ. ಯಂಕವ್ವ ಎಲ್ಲರಿಗೂ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಈಗ ಪಟ್... ಪಟ್ ಎಂದು ಕುಂಟುತ್ತಿತ್ತು. "ಯಂಕವ್ವಾ, ನೀನೂ ಒಂದ ಐದ ಮಿನಿಟ್ ಕುಂಡ್ರು" ಎಂದೆ.

"ನಾ ಕುಂತ್ರ ರೊಟ್ಟಿ ಯಾರು ಬಡೀತಾರ, ನೀವಾ?" ಎಂದಳು. ಪಾಳಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಂಥ ನಗುವ ಮಾತು ಅದರಲ್ಲಿ ಏನಿತ್ತು ಎಂದು ಈಗ ಕೇಳಿದರೆ ಹೇಳಲಾರೆ.

ಶುಕ್ರವಾರ ಹಾವೇರಿಯಿಂದ ಸಾಹೇಬರು ಬಂದರು. ಖಾನಾವಳಿ, ಹೋಟೆಲುಗಳ ಸ್ವಚ್ಛತೆ ನೋಡುವ ಅಧಿಕಾರಿ. 'ಹಾನಗಲ್ಲಿನ ಖಾನಾವಳಿಯೊಂದರಲ್ಲಿ ಮನುಷ್ಯರನ್ನು ಕಾಯಿಸುತ್ತಾರೆ' ಎಂದು ಯಾರೋ ಅರ್ಜಿ ಬರೆದಿದ್ದರು. ಸಾಹೇಬರು ಅಡುಗೆಮನೆಗೆ ಕಾಲಿಟ್ಟ ಆ ಕ್ಷಣಕ್ಕೆ ಸಾವಂತ್ರವ್ವ ಕಟ್ಟೆಯ ಮೇಲೆ ಕೂತು ಬಲಗಾಲನ್ನು ಮಶಿನ್ನಿನ ಜಾಲರಿಯ ಮೇಲೆ ಚಾಚಿದ್ದಳು. ಹುಚ್ಚಪ್ಪ ಹ್ಯಾಂಡಲ್ ಹಿಡಿದುಕೊಂಡು, "ಇನ್ನೊಂದ ಹಲ್ಲ ಮ್ಯಾಲ ಏರಸ್ಲೇನವಾ?" ಎಂದು ಕೇಳುತ್ತಿದ್ದ.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾಲು ಅಲ್ಲೇ ಇತ್ತು.

"ಹದಿನೆಂಟ ವರ್ಷ ಸರ್ವಿಸ್ ಆತ್ರಿ ನಂದು" ಎಂದರು ಬಹಳ ದಣಿದ ದನಿಯಲ್ಲಿ. "ಅಡಿಗಿಮನ್ಯಾಗ ಇಲಿ ನೋಡೇನಿ. ಜಿರಳಿ ನೋಡೇನಿ. ಮೊಣಕಾಲು ಇದಽ ಮೊದಲು."

"ಒಂದೈದ ಮಿನಿಟ್ ತಡೀರಿ ಸಾಹೇಬ್ರ" ಎಂದಳು ಸಾವಂತ್ರವ್ವ. "ಈಗ ಒಳಗಿಂದ ಬಿಸಿ ಹತ್ತಾಕತ್ತೈತಿ."

ಸಾಹೇಬರು ಸ್ಟೂಲಿನ ಮೇಲೆ ಕೂತು ಕಾಗದ ತೆಗೆದರು. ಅದು ಚಿಕಿತ್ಸೆಯ ಮಶಿನ್ ಆದರೆ ವೈದ್ಯರ ಪರವಾನಗಿ ತೋರಿಸಬೇಕು. ಅಡುಗೆಯದಾದರೆ ಐದು ಜನ ಪಂಚರ ಎದುರು ಅಡುಗೆ ಮಾಡಿ ತೋರಿಸಬೇಕು. ಎರಡೂ ಆಗದಿದ್ದರೆ ಖಾನಾವಳಿಗೆ ಬೀಗ. ಯಂಕವ್ವ ಹೋಗುವುದು ನಾಳೆ, ಬೀಗ ಬೀಳುವುದು ಇವತ್ತು. ಎರಡರಲ್ಲಿ ಯಾವುದಕ್ಕೆ ಮೊದಲು ಅಳಬೇಕು ಎಂಬುದಷ್ಟೇ ನನ್ನ ಪಾಲಿಗೆ ಉಳಿದಿತ್ತು.

ಪಂಚರನ್ನಾಗಿ ಪಾಳಿಯಲ್ಲಿದ್ದ ಐವರನ್ನೇ ನಿಲ್ಲಿಸಿದರು. ನಾನು ಸಾವಂತ್ರವ್ವನ ಕಾಲು ಸರಿಸಿ, ಬಟಾಟೆಯ ಮೇಲೆ ಚೀಸ್ ಹಾಕಿ ಒಳಗೆ ತಳ್ಳಿದೆ. ಅಂದು ಬಂದಂಥ ಬಣ್ಣ ಹಿಂದೆಂದೂ ಬಂದಿರಲಿಲ್ಲ! ಹುಬ್ಬಳ್ಳಿಯ ಟೊಪ್ಪಿಗೆಯವನೂ ತಲೆಬಾಗಬೇಕು. ಬಟ್ಟಲನ್ನು ಪಂಚರ ಮುಂದೆ ಇಟ್ಟೆ. ಐವರೂ ಬಗ್ಗಿ ನೋಡಿದರು. ನಾನು ಹುಚ್ಚಪ್ಪನ ಕಡೆ ದೈನ್ಯದಿಂದ ನೋಡಿದೆ.

"ಸರ್ಕಾರಿ ಕಾಗದದ ಮುಂದ ಸುಳ್ಳ ಹೇಳಬಾರದು" ಎಂದ ಹುಚ್ಚಪ್ಪ. "ಹೊತ್ತೈತ್ರಿ ಸಾಹೇಬ್ರ."

ಉಳಿದ ನಾಲ್ವರೂ ತಲೆಯಾಡಿಸಿದರು. ಸಾಹೇಬರು ಬರೆದುಕೊಳ್ಳತೊಡಗಿದರು.

"ಏನ ಬರಿಯಾಕತ್ತೀರಿ?" ಎಂದು ಹಿಂದಿನಿಂದ ಧ್ವನಿ ಬಂತು. ಯಂಕವ್ವ ತಿರುಗಿ ನಿಂತಿದ್ದಳು.

"ಈ ಅಡಿಗಿಮನ್ಯಾಗ ಹೊತ್ತಿದ ಅಡಿಗಿ ಬಡಸ್ತಾರ ಅಂತ."

"ಹಂಗ ಬರಿಬ್ಯಾಡ್ರಿ. ನಾ ಇರೂತನಾ ಬರಿಬ್ಯಾಡ್ರಿ. ನಾಳೆ ನಾ ಹೋದ ಮ್ಯಾಲ ಏನರ ಬರಕೊಳ್ರಿ."

"ಮತ್ತ ಹೊತ್ತಲಾರದ್ದು ಮಾಡಿ ತೋರ್ಸವಾ. ಈ ಮಶಿನ್ನ್ಯಾಗಽ ಆಗಬೇಕು."

ಬಟ್ಟಲು ಹೊರಬಂದ ಕೂಡಲೇ ಸಾವಂತ್ರವ್ವ ಮತ್ತೆ ಚಾಚಿದ್ದ ಕಾಲನ್ನು ಯಂಕವ್ವ ಎತ್ತಿ ಕೆಳಗಿಟ್ಟಳು. ಜಾಲರಿಯನ್ನು ಹೊರಗೆ ಎಳೆದು ಹುಣಸೆಹಣ್ಣು ಹಚ್ಚಿ ಮೂರು ಸಲ ಬಿಸಿನೀರಲ್ಲಿ ತಿಕ್ಕಿದಳು. "ನನ್ನ ಮೊಣಕಾಲೇನ ಹೊಲಸೈತೇನ?" ಎಂದು ಸಾವಂತ್ರವ್ವ ಕೇಳಿದಳು. ಆಮೇಲೆ ಯಂಕವ್ವ ನಾದಿದ ಹಿಟ್ಟಿನ ಉಂಡೆ ತೆಗೆದುಕೊಂಡು ಕೈ ಎತ್ತಿದಳು. ಕೈ ಎದೆಯವರೆಗೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದಳು, ಅಲ್ಲಿಗೇ ನಿಂತಿತು. ಅಷ್ಟು ವರ್ಷ ಆ ಕೈ ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ.

"ಸಾವಕಾರ್ರ, ಇಲ್ಲೆ ಬರ್ರಿ. ಬಡೀರಿ."

"ನಾನಾ?"

"ಮತ್ತ ಸಾಹೇಬ್ರು ಬಡೀತಾರೇನು?"

ಬಡಿದೆ. ಖಾನಾವಳಿ ಮಾಲೀಕನಾಗಿ ಹುಟ್ಟಿ, ಐವತ್ತನೆಯ ವಯಸ್ಸಿನಲ್ಲಿ, ಸರ್ಕಾರದ ಸಮಕ್ಷಮ ನನ್ನ ಮೊದಲ ರೊಟ್ಟಿ ಬಡಿದೆ. ಅದು ಒಂದು ಕಡೆ ಹಾನಗಲ್ ತಾಲೂಕಿನಷ್ಟು ಅಗಲವಾಗಿ ಇನ್ನೊಂದು ಕಡೆ ಹರಿಯಿತು. "ಎತ್ರಿ. ಮತ್ತ ಬಡೀರಿ." ಮೂರನೆಯದು ರೊಟ್ಟಿಯ ಹಾಗೆ ಕಂಡಿತು. ಯಂಕವ್ವ ಅದನ್ನು ಎಡಗೈಯಿಂದ ಹಂಚಿಗೆ ಹಾಕಿ, ನೀರು ಸವರಿ, ಕೆಳಗಿನ ಮೈ ಬೆಂದದ್ದೇ ತಡ ಜಾಲರಿಗೆ ಜಾರಿಸಿ, ಹ್ಯಾಂಡಲನ್ನು ಎರಡು ಹಲ್ಲು ಮೇಲಕ್ಕೆ ಏರಿಸಿದಳು. ಕೆಂಪು ಕಾಯಿಲಿನ ಕೆಳಗೆ ರೊಟ್ಟಿ ಮೆಲ್ಲಗೆ ಉಬ್ಬಿತು. ಪೂರ್ತಿ ಉಬ್ಬಿ ನಿಂತಿತು. ಮೈಮೇಲೆ ಒಂದೊಂದೇ ಕಂದು ಚುಕ್ಕಿ ಎದ್ದವು. ತಿರುವಿ ಹಾಕುವುದಿಲ್ಲ, ಒತ್ತುವುದಿಲ್ಲ, ಕೈ ಎತ್ತುವುದೇ ಇಲ್ಲ.

"ನಿನಗ ಹೆಂಗ ಗೊತ್ತಾತ ಯಂಕವ್ವಾ, ಎರಡ ಹಲ್ಲು ಅಂತ?"

"ತಂದ ದಿವ್ಸದಿಂದ ನೋಡಾಕತ್ತೇನಿ. ಎಲ್ಲಿ ಬೆಂಕಿ ಹೆಚ್ಚು, ಎಲ್ಲಿ ಕಡಿಮಿ ಎಲ್ಲಾ ಗೊತ್ತೈತಿ. ನೀವು ಒಂದಿನರ ನನ್ನ ಕೇಳಿದ್ರೇನು?"

ಸಾಹೇಬರು ರೊಟ್ಟಿಯನ್ನು ಶೇಂಗಾ ಚಟ್ನಿ, ಎಣ್ಣೆಗಾಯಿಯ ಜೊತೆ ತಿಂದರು. ಇನ್ನೊಂದು ಕೇಳಿದರು. ಪಂಚರೂ ತಿಂದರು, ಪಿತ್ತದ ಕಾಯಿದೆ ಮಾಡಿದ ಹುಚ್ಚಪ್ಪ ನಾಲ್ಕು ತಿಂದ. ಒಬ್ಬರೂ ಕೆರೆದು ಅಂಚಿಗೆ ಇಡಲಿಲ್ಲ. "ಬರೋಬ್ಬರಿ ಬೆಂದೈತಿ" ಎಂದರು. ಅದೇ ಬೆಂಕಿ, ಅದೇ ಕಂದು ಬಣ್ಣ. ಬಟಾಟೆಯ ಮೇಲೆ ಬಂದರೆ ಹೊತ್ತಿದ್ದು, ರೊಟ್ಟಿಯ ಮೇಲೆ ಬಂದರೆ ಬೆಂದದ್ದು. ಈ ಜನರನ್ನು ಕಟ್ಟಿಕೊಂಡು ನಾನು ಹೋಟೆಲ್ ಮಾಡಲು ಹೊರಟಿದ್ದೆ.

ಸಾಹೇಬರು ಕೈ ತೊಳೆದು ಆದೇಶ ಬರೆದರು: ಸದರಿ ಯಂತ್ರವನ್ನು ಆಹಾರ ತಯಾರಿಕೆಗೆ ಮಾತ್ರ ಬಳಸತಕ್ಕದ್ದು, ಮನುಷ್ಯರ ಯಾವುದೇ ಅಂಗವನ್ನು ಅದರ ಕೆಳಗೆ ಇಡತಕ್ಕದ್ದಲ್ಲ. ಅದನ್ನು ಗೋಡೆಗೆ ಅಂಟಿಸಿ ಹೋದರು. ಪಾಳಿ ಕರಗಿತು. ಸಾವಂತ್ರವ್ವ ಬಾಟ್ಲಿ ಎತ್ತಿಕೊಂಡು ಶಾಪ ಹಾಕುತ್ತ ಹೋದಳು.

ನಾನು ಯಂಕವ್ವನ ಮುಂದೆ ನಿಂತೆ. "ನಾಳೆ ಹೋಗಬ್ಯಾಡ ಯಂಕವ್ವಾ" ಎಂದೆ. "ನೀ ಹೋದ್ರ ಇದು ಮುಗೀತು. ನನಗ ಏನೂ ಬರೂದಿಲ್ಲ."

"ಬೇಯಿಸಾಕ ನಾ ಇರತೇನಿ" ಎಂದಳು ಅವಳು. "ಬಡಿಯೂದು ನನ್ನಿಂದ ಆಗೂದಿಲ್ಲ. ಬಡ್ಯಾಕ ಒಬ್ರು ಬೇಕು."

ಆ ಒಬ್ಬರು ಯಾರು ಎಂದು ಹುಡುಕಲು ಯಾವ ಊರಿಗೂ ಟಂಟಂ ಕಳಿಸಬೇಕಾಗಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಸುಧಾರಾಣಿ ಕೂತಳು. ಅವಳು ಕೂತ ದಿನದಿಂದ ಚಿಲ್ಲರೆಯ ಜಗಳವೂ ನಿಂತಿದೆ. ನಾನು ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುತ್ತೇನೆ.

ಹನ್ನೊಂದನೆಯ ದಿನ ಬೆಳಗ್ಗೆ ಅಂಗಿ ತೊಡಲು ಹೋದರೆ ನನ್ನ ಬಲಗೈ ಮೇಲೇಳಲಿಲ್ಲ. ಸುಧಾರಾಣಿಯೇ ತೋಳು ತೂರಿಸಿದಳು. ಖಾನಾವಳಿಗೆ ಹೋಗಿ ಮಶಿನ್ನಿನ ಪಕ್ಕಕ್ಕೆ, ಏನೋ ಹುಡುಕುವವನ ಹಾಗೆ, ಭುಜ ಕೊಟ್ಟು ನಿಂತೆ. ಯಂಕವ್ವ ಚಿಮಟದಿಂದ ಗೋಡೆಯ ಮೇಲಿನ ಆದೇಶವನ್ನು ತೋರಿಸಿದಳು.

"ಯಂಕವ್ವಾ, ಭುಜ ಏಳವಲ್ದು. ಇವತ್ತ ನನ್ನಿಂದ ಆಗೂದಿಲ್ಲ."

ಅವಳು ಹಂಚು ಒರೆಸುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ವಾಸಿ ಇತ್ತು.

"ಒಂಬತ್ತ ವರ್ಷದ ಹಿಂದ ನಾ ನಿಮಗ ಇದಽ ಮಾತ ಹೇಳಿದ್ದೆ ಸಾವಕಾರ್ರ. ಇದಽ ಜಾಗಾದಾಗ ನಿಂತು. ನೀವು ಏನಂದ್ರಿ, ನೆನಪೈತೇನು?"

ನೆನಪಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಅದನ್ನೇ ಹೇಳಿದೆ.

"'ಹೊರಗ ಮಂದಿ ಕುಂತಾರ, ಮೊದ್ಲ ಬಡಿ' ಅಂದಿದ್ರಿ."

ಅಷ್ಟರಲ್ಲಿ ಹೊರಗಿನಿಂದ ಹುಚ್ಚಪ್ಪ ತಾಟು ಕುಟ್ಟಿದ. "ರುದ್ರೇಶಾ, ಎಷ್ಟೊತ್ತೋ? ಎರಡ ರೊಟ್ಟಿ ಬರ್ಲಿ!"

ನಾನು ಹಿಟ್ಟಿನ ಉಂಡೆ ತೆಗೆದುಕೊಂಡು ಎಡಗೈಯಿಂದ ಬಡಿಯತೊಡಗಿದೆ.